ಲಾಭ, ಎರಡು, ಮೂರು

ಅರಸೀಕೆರೆಯ ಸರ್ಕಾರಿ ಕಾಲೇಜಿನಲ್ಲಿ
ಮಧ್ಯಾಹ್ನ ಎರಡೂವರೆಗೆ, ಉಂಡ ಕಣ್ಣುಗಳಿಗೆ
ಪ್ರೋಗ್ರಾಮಿಂಗ್ ಹೇಳಿಕೊಡುವವಳು ನಾನು.
ಹದಿನಾಲ್ಕು ಕಂಪ್ಯೂಟರು, ಏಳಕ್ಕೆ ಜೀವ,
ಒಂದೊಂದರ ಮುಂದೆ ಮೂರು ಮೂರು ತಲೆ.
ಮೌಸು ಯಾರ ಕೈಲೋ ಆ ದಿನ ಅವರೇ ಯಜಮಾನರು.

ಇತಿಹಾಸದವರು, ಅರ್ಥಶಾಸ್ತ್ರದವರು, ಐಚ್ಛಿಕ ಕನ್ನಡದವರು.
ಮೊದಲ ವಾರವೇ ಬೋರ್ಡಿನ ಮೇಲೆ
ಎಕ್ಸ್ ಈಕ್ವಲ್ಸ್ ಎಕ್ಸ್ ಪ್ಲಸ್ ಒಂದು ಎಂದು ಬರೆದೆ.
ಶಾಂತವೀರ ಎದ್ದು ನಿಂತ:
'ಮೇಡಂ, ಇದು ಸುಳ್ಳು.'
ಓದಿದರೆ ಸುಳ್ಳಪ್ಪ, ಮಾಡಿದರೆ ನಿಜ ಅಂದೆ.
ನಿಮ್ಮಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ ಇಟ್ಟಿಲ್ವ?
ಹೆಸರು ಹೊರಗಿನದು, ಒಳಗಿರೋದು ಈ ಹೊತ್ತಿನದು.
ಕೂತ. ಒಪ್ಪಿ ಅಲ್ಲ,
ಕಾಲುನೋವಿಗೆ ಇರಬೇಕು; ನಸುಕಿನ ರೈಲುಗಳಿಗೆ
ಪ್ಲಾಟ್‌ಫಾರಮ್ಮಿನಲ್ಲಿ ಇಡ್ಲಿ ಮಾರಿ ಬರುವ ಹುಡುಗ.

ಅದೆಲ್ಲ ಇರಲಿ. ಹೇಳಬೇಕಾದ್ದು ಮೆಹಜಬೀನಳ ವಿಷಯ.

ಲೂಪು ಕಲಿಸಿದ ದಿನ
ಒಂದರಿಂದ ಹತ್ತರವರೆಗೆ ಎಣಿಸಲು ಹೇಳಿದೆವು.
ರೇಂಜ್, ಕಂಸ, ಒಂದು, ಅಲ್ಪವಿರಾಮ, ಹತ್ತು, ಕಂಸ.
ಪರದೆ ಒಂದು ಅಂದಿತು, ಎರಡು ಅಂದಿತು,
ಒಂಬತ್ತು ಅಂದು ಸುಮ್ಮನಾಯಿತು.

'ಒಂದು ಕಾಯಿ ಎಲ್ಲಿ ಹೋಯ್ತು ಮೇಡಂ?'

ಅವಳಿಗೆ ಎಣಿಕೆಯೆಂದರೆ ಕಾಯಿ.
ಅಪ್ಪ ಮಂಡಿಯಲ್ಲಿ ತೆಂಗಿನಕಾಯಿ ಎಣಿಸುವವರು.
ಎಡಗೈಗೆರಡು ಬಲಗೈಗೆರಡು, ಬೀಸಿಗೆ ನಾಲ್ಕು,
ಮೊದಲ ಬೀಸಿಗೆ ಒಂದು ಅನ್ನದೆ 'ಲಾಭ' ಅನ್ನುವವರು.

'ಅದು ನಿಯಮ ಕಣಮ್ಮ, ಕೊನೇದನ್ನ ಸೇರಿಸ್ಕೊಳಲ್ಲ.'
'ಸಾಹುಕಾರ್ರೂ ಹಂಗೇ ಅಂತಾರೆ.
ನೂರಕ್ಕೆ ನಾಲ್ಕು ಕೊಸರು. ಯಾಕೆ ಅಂದ್ರೆ, ನಿಯಮ.'

ಲ್ಯಾಬು ನಕ್ಕಿತು. ನಾನೂ ನಕ್ಕೆ, ತಡವಾಗಿ.
ಓದುವಾಗ ನಾನದನ್ನು ಮಾತ್ರೆಯಂತೆ ನುಂಗಿದ್ದೆ,
ನೀರು ಕುಡಿದು ಮರೆತಿದ್ದೆ.

ಸಂಜೆ ಹಾಸನದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ
ಕಿಲೋಮೀಟರು ಕಲ್ಲು ನೋಡುತ್ತ ಬಂದೆ.
ಹತ್ತು, ಒಂಬತ್ತು, ಎಂಟು... ಕೊನೆಗೆ ಊರೇ ಸೊನ್ನೆ.
ಕಲ್ಲು ಹನ್ನೊಂದು, ದಾರಿ ಹತ್ತೇ.
ನಿಂತದ್ದನ್ನು ಎಣಿಸುವುದೇ ಒಂದು,
ನಡೆದದ್ದನ್ನು ಎಣಿಸುವುದೇ ಇನ್ನೊಂದು.

ಮಾರನೆಯ ದಿನ ಕಲ್ಲಿನ ಕಥೆ ಹೇಳಿ ಮುಗಿಸುವ ಮೊದಲೇ
ಅವಳು ಒಂದನ್ನು ಅಳಿಸಿ ಸೊನ್ನೆ ಒತ್ತಿದ್ದಳು.
ಸೊನ್ನೆಯಿಂದ ಒಂಬತ್ತು. ಬೆರಳಿಟ್ಟು ಎಣಿಸಿದಳು.
'ಹತ್ತೂ ಅದಾವೆ. ಮೊದಲನೇದಕ್ಕೆ ಹೆಸರು ಬೇರೆ, ಅಷ್ಟೇ.
ಇದು ನಮ್ಮ ಅಬ್ಬನ ಲೆಕ್ಕ ಮೇಡಂ.'

ದಸರಾ ರಜೆ ಕಳೆದು ಬಂದಾಗ
(ನನ್ನಂಥ ಅತಿಥಿಗಳಿಗೆ ರಜೆಯ ಸಂಬಳವಿಲ್ಲ, ಅದೂ ನಿಯಮ)
ಯಾರೂ ಹೇಳದ ಒಂದು ಪ್ರೋಗ್ರಾಮು ಬರೆದಿದ್ದಳು.
ದಿನಕ್ಕೆ ಆರು ಸಾವಿರ ಕಾಯಿ. ಸಾವಿರಕ್ಕೆ ಇಷ್ಟು ಕೂಲಿ.
ಕೊಸರಿನ ಇನ್ನೂರ ನಲವತ್ತು ಕೈಗೆ ಭಾರ, ಕೂಲಿಗಿಲ್ಲ.
ತಿಂಗಳಿಗೆ ಇಪ್ಪತ್ತೈದು ದಿನ.
ಮೊದಲ ಸಲ ಇಪ್ಪತ್ನಾಲ್ಕೇ ದಿನ ಓಡಿತಂತೆ;
ಕಳ್ಳನನ್ನು ತಾನೇ ಹಿಡಿದಳು.
ಎಂಟರ್ ಒತ್ತಿದಳು. ಪರದೆಯಲ್ಲಿ ಒಂದೇ ಸಾಲು:
ಆರು ಸಾವಿರ.

ನೋಡುತ್ತ ನಿಂತೆ. ಒಂದು ಇಡೀ ದಿನ.
ಪ್ರತಿ ತಿಂಗಳೂ ಒಂದು ಇಡೀ ದಿನ.

'ಅಬ್ಬನಿಗೆ ತೋರಿಸಿದೆಯಾ?'
'ಫೋನಲ್ಲಿ ತೋರಿಸ್ದೆ. ಗೊತ್ತಿತ್ತಂತೆ.
ಇಷ್ಟಕ್ಕೆ ಕಂಪ್ಯೂಟರ್ ಬೇಕಿತ್ತಾ ಅಂದ್ರು.'
ಸ್ವಲ್ಪ ಹೊತ್ತು ಬಿಟ್ಟು,
'ಆಮೇಲೆ, ಪ್ರಿಂಟ್ ಸಿಗುತ್ತಾ ಕೇಳು ಅಂದ್ರು.'

ನಮ್ಮ ಪ್ರಿಂಟರಿಗೆ ಆಷಾಢದಿಂದ ಶಾಯಿಯಿಲ್ಲ.
ಬಿಳಿ ಹಾಳೆ ತೆಗೆದು ನಾನೇ ಬರೆದುಕೊಟ್ಟೆ,
ದಿನಕ್ಕೊಂದು ಸಾಲು,
ಇಪ್ಪತ್ತೈದನೆಯದನ್ನೂ ಸೇರಿಸಿ.